ಡೇರಿಯ ಬೆಂಚು ಮತ್ತು ಬಿ.ಪಿ. ಮಾತ್ರೆ

ತೀರ್ಥಹಳ್ಳಿ ತಾಲ್ಲೂಕಿನ ಉಪಕೇಂದ್ರವೊಂದರಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿರುವ ನನ್ನ ಅನುಭವದಲ್ಲಿ, ಹೃದಯಾಘಾತ ಮತ್ತು ಪಾರ್ಶ್ವವಾಯುವನ್ನು ತಡೆಯುವ ಕೆಲಸ ತೊಡಕಾಗುವುದು ರಕ್ತದೊತ್ತಡ ಇರುವವರನ್ನು ಹುಡುಕುವುದರಲ್ಲಲ್ಲ, ಅವರು ಮಾತ್ರೆ ಬಿಡದಂತೆ ನೋಡಿಕೊಳ್ಳುವುದರಲ್ಲಿ. 30 ವರ್ಷ ದಾಟಿದವರಿಗೆಂದು ಶಿಬಿರ ಹಾಕಿದರೆ ಜನ ಸೇರುತ್ತಾರೆ, 140/90 ಮೀರಿದವರ ಹೆಸರು ಪಟ್ಟಿಗೆ ಬರುತ್ತದೆ, ವೈದ್ಯಾಧಿಕಾರಿಗಳು ಮತ್ತೆ ನೋಡಿ ಖಚಿತಪಡಿಸಿದ ಮೇಲೆ ಮೊದಲ ತಿಂಗಳ ಆಮ್ಲೋಡಿಪಿನ್ (ರಕ್ತದೊತ್ತಡ ಇಳಿಸುವ ಮಾತ್ರೆ) ಮನೆ ಸೇರುತ್ತದೆ. ಮುಂದಿನ ತಿಂಗಳು ಅವರಲ್ಲಿ ಎಷ್ಟೋ ಮಂದಿ ಇತ್ತ ಸುಳಿಯುವುದಿಲ್ಲ. ಮಂಗನ ಕಾಯಿಲೆಯನ್ನು ಕಂಡ ಸೀಮೆಯಿದು. ಜ್ವರವೆಂದರೆ ಯಾರೂ ಉದಾಸೀನ ಮಾಡುವುದಿಲ್ಲ. ಜ್ವರವೂ ನೋವೂ ಇಲ್ಲದ ಬಿ.ಪಿ.ಗೆ ದಿನಾ ಗುಳಿಗೆ ನುಂಗಬೇಕೆಂದರೆ ಮಾತ್ರ, "ನಂಗೆಂತ ಆಗಿದೆ ಮಾರಾಯ್ರೇ" ಎನ್ನುತ್ತಾರೆ.

ಮಾತ್ರೆ ಬಿಡದಂತೆ ನೋಡಿಕೊಳ್ಳಲು ಊರಿನವರ ಸಹಭಾಗಿತ್ವ ಬೇಕು. ಸಹಭಾಗಿತ್ವ ಎಂದೊಡನೆ ಬ್ಯಾನರು, ಶಾಮಿಯಾನ ಕೊಡುವ ಸಂಸ್ಥೆಗಳು ನೆನಪಾಗುತ್ತವೆ. ಅವು ಬೇಡವೆಂದಲ್ಲ. ಆದರೆ ಒಬ್ಬ ಮನುಷ್ಯ ಬಾರದೆ ಹೋದರೆ ಊರಿನಲ್ಲಿ ಮೊದಲು ಯಾರಿಗೆ ಗೊತ್ತಾಗುತ್ತದೆ ಎಂದು ಕೇಳಿಕೊಂಡಾಗ ನಮಗೆ ಸಿಕ್ಕ ಉತ್ತರ ಹಾಲಿನ ಡೇರಿ. ಅಲ್ಲಿಯ ಕಾರ್ಯದರ್ಶಿಯವರು ಒಂದು ಬೆಂಚು ಮತ್ತು ವಾರಕ್ಕೊಂದು ಬೆಳಗ್ಗೆ ನಮಗೆ ಬಿಟ್ಟುಕೊಟ್ಟಿದ್ದಾರೆ. ಕ್ಯಾನು ಹಿಡಿದು ದಿಬ್ಬ ಹತ್ತಿ ಬಂದವರ ತೋಳಿಗೆ ಆ ಕ್ಷಣವೇ ಪಟ್ಟಿ ಸುತ್ತಿದರೆ ಬರುವ ಅಂಕಿ ದಿಬ್ಬದ್ದೇ ಹೊರತು ಅವರದ್ದಲ್ಲ. ಆದ್ದರಿಂದ ಮೊದಲು ಹಾಲು ಅಳೆದು, ಫ್ಯಾಟು ನೋಡುವಷ್ಟು ಹೊತ್ತು ಬೆನ್ನಿಗೆ ಗೋಡೆ ಕೊಟ್ಟು, ಕಾಲು ನೆಲಕ್ಕೆ ಊರಿ, ಮಾತಿಲ್ಲದೆ ಐದು ನಿಮಿಷವಾದರೂ ಕೂರಿಸುತ್ತೇವೆ. ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಎರಡು ಸಲ ಅಳೆಯುತ್ತೇವೆ. ಅರ್ಧ ಗಂಟೆಯೊಳಗೆ ಕಾಫಿ ಕುಡಿದವರನ್ನೂ, ಬಾಯಲ್ಲಿ ಹೊಗೆಸೊಪ್ಪಿನ ಕವಳ ಇರುವವರನ್ನೂ ಕೊನೆಗೆ ಕರೆಯುತ್ತೇವೆ. (ಅಡಿಕೆ ಬೆಳೆಯುವ ಊರಿನಲ್ಲಿ ಕವಳ ಉಗುಳಿ ಬನ್ನಿ ಎನ್ನುವುದಕ್ಕೆ ತುಸು ಧೈರ್ಯ ಬೇಕು.)

ಒಂದು ಗೆರೆಯನ್ನು ಮಾತ್ರ ನಾವು ದಾಟುವುದಿಲ್ಲ: ಯಾರಿಗೆ ಯಾವ ಕಾಯಿಲೆ ಎಂಬ ಪಟ್ಟಿ ಡೇರಿಯವರ ಕೈಗೆ ಹೋಗುವುದಿಲ್ಲ. ಅದು ಆಶಾ ಕಾರ್ಯಕರ್ತೆಯ ಬಳಿಯೇ ಇರುತ್ತದೆ, ಡೇರಿಯವರು ಎಲ್ಲರಿಗೂ ಒಂದೇ ರೀತಿಯಲ್ಲಿ "ನಾಳೆ ಬಿ.ಪಿ. ನೋಡ್ತಾರೆ" ಎಂದು ಹೇಳುತ್ತಾರೆ, ಅಷ್ಟೇ. ಈ ಎಚ್ಚರವಿಲ್ಲದಿದ್ದರೆ ಬೆಂಚು ಖಾಲಿಯಾಗುತ್ತಿತ್ತು.

ಉಪ್ಪಿನ ಮಾತಿಗೆ ಸ್ವಸಹಾಯ ಸಂಘದ ಸಭೆಯೇ ಸರಿಯಾದ ಜಾಗ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎಂದರೆ ಯಾರ ಕಣ್ಣಿಗೂ ಏನೂ ಕಟ್ಟುವುದಿಲ್ಲ. ನಾಲ್ಕು ಜನ ದೊಡ್ಡವರಿರುವ ಮನೆಯಲ್ಲಿ ಒಂದು ಕಿಲೋ ಪೊಟ್ಟಣ ಒಂದೂವರೆ ತಿಂಗಳಿಗಿಂತ ಹೆಚ್ಚು ಬರಬೇಕು ಎಂದಾಗ ಹೆಂಗಸರು ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ಮಿಡಿ ಉಪ್ಪಿನಕಾಯಿಗೂ ಹಪ್ಪಳಕ್ಕೂ ಹಿಡಿಯುವ ಉಪ್ಪು ಆ ಲೆಕ್ಕದಿಂದ ಹೊರಗೆ ಉಳಿದಿದೆ ಎಂದು ಎತ್ತಿ ತೋರಿಸಿದವರೂ ಅವರೇ. ಅಪ್ಪೆಮಿಡಿ ಬಿಡಿ ಎಂದು ನಾನು ಯಾರಿಗೂ ಹೇಳಿಲ್ಲ. ಉಪ್ಪಿನಕಾಯಿ ಇರುವ ದಿನ ಮಜ್ಜಿಗೆಗೆ ಉಪ್ಪು ಹಾಕಬೇಡಿ ಎಂದಷ್ಟೇ ಹೇಳಿದ್ದು.

ಮಳೆಗಾಲಕ್ಕೆ ಸೌದೆ, ಬೇಳೆ ಕೂಡಿಡುವುದು ಇಲ್ಲಿಯ ಪದ್ಧತಿ. ಒತ್ತಡ ಹತೋಟಿಯಲ್ಲಿರುವವರಿಗೆ ಮೇ ಕೊನೆಯಲ್ಲೇ ಎರಡು ತಿಂಗಳ ಮಾತ್ರೆ ಕೊಡಲು ವೈದ್ಯಾಧಿಕಾರಿಗಳು ಒಪ್ಪಿದ್ದು ಈ ಪದ್ಧತಿಯನ್ನು ಕಂಡೇ.

ಪಾರ್ಶ್ವವಾಯುವಿನ ವಿಚಾರದಲ್ಲಿ ನಾವು ಹೋಗಿ ಕೂತಿದ್ದು ಜೀಪು, ಆಟೋ ಚಾಲಕರ ನಿಲ್ದಾಣದಲ್ಲಿ. ಲಕ್ವ ಹೊಡೆಯಿತೆಂದರೆ ಎಣ್ಣೆ ತಿಕ್ಕಿಸಲು ಕರೆದೊಯ್ಯುವ ರೂಢಿ ಇನ್ನೂ ಇದೆ. ರಾತ್ರಿ ಬಾಡಿಗೆಗೆ ಕರೆದಾಗ ಎತ್ತ ಹೋಗುವುದೆಂದು ಮೊದಲು ಕೇಳುವವನು ಚಾಲಕ. ಬಾಯಿ ಓರೆಯಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಬೇಕು, ಅದು ತಡವಾಗುವಂತಿದ್ದರೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರವಾಗಿ ಹೊರಡಬೇಕು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಲಕ್ಷಣ ಶುರುವಾದಾಗಿನಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಅವಧಿಯಷ್ಟೇ ಇರುತ್ತದೆ. ರಕ್ತಸ್ರಾವವೋ ಹೆಪ್ಪೋ ಎಂದು ಸ್ಕ್ಯಾನ್ ಹೇಳುವ ಮುನ್ನ ದಾರಿಯಲ್ಲಿ ಆಸ್ಪಿರಿನ್ ಕೊಡಬಾರದೆಂಬುದನ್ನೂ ಹೇಳಿದೆವು. ರೋಗಿ ಕೊನೆಯ ಬಾರಿ ಸರಿಯಾಗಿದ್ದ ಹೊತ್ತನ್ನು ಬರೆದುಕೊಳ್ಳುವುದು ಚಾಲಕರೇ ವಹಿಸಿಕೊಂಡ ಕೆಲಸ.

ಯಾವ ಸಂಘಕ್ಕೂ ಸೇರದ, ಡೇರಿಗೂ ಬಾರದ, ಅಡಿಕೆ ಕೊನೆ ಕೊಯ್ಯುವ ಮತ್ತು ಅಡಿಕೆ ಸುಲಿಯುವ ಗಂಡಾಳುಗಳು ಇನ್ನೂ ನಮ್ಮ ಕೈಗೆ ಸಿಕ್ಕಿಲ್ಲ. ಅವರಿಗಾಗಿ ಚೇಣಿದಾರರ (ತೋಟದ ಫಸಲನ್ನು ಗುತ್ತಿಗೆ ಹಿಡಿಯುವವರ) ಜೊತೆ ಮಾತುಕತೆ ನಡೆದಿದೆ. ಸುಲಿಯುವ ಚಪ್ಪರದಲ್ಲಿ ರಾತ್ರಿ ಊಟಕ್ಕೆ ಮುಂಚೆ ಒಂದು ಗಂಟೆ ಕೊಡುತ್ತೇವೆ ಎಂದಿದ್ದಾರೆ, ಆ ಗಂಟೆಯ ಕೂಲಿ ಯಾರು ಕೊಡಬೇಕೆಂಬುದು ಮಾತ್ರ ಇತ್ಯರ್ಥವಾಗಿಲ್ಲ.