ಲೇಸಿಗೂ ಗಂಜಿ

ಹಿಪ್ ಹಾಪ್ ಉಡುಪು ಅಂದರೆ ದಪ್ಪ ಚಿನ್ನದ ಸರ, ದೊಗಳೆ ಪ್ಯಾಂಟು ಅಂತಲೇ ಎಲ್ಲರ ಲೆಕ್ಕ. ನಿಜವಾದ ಕಸುಬುಗಾರಿಕೆ ಇದ್ದದ್ದು ಶೂ ಲೇಸಿನಲ್ಲಿ.

ಅಗಲ ಲೇಸು ಅಂಗಡಿಗೆ ಬರುವ ಮೊದಲು ನ್ಯೂಯಾರ್ಕಿನ ಹುಡುಗರು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. ಮಾಮೂಲಿ ಲೇಸನ್ನು ಎಳೆದೆಳೆದು ನೇಯ್ಗೆ ಸಡಿಲಿಸಿ, ಗಂಜಿ ಹಾಕಿ, ಇಸ್ತ್ರಿ ಒತ್ತಿ ಚಪ್ಪಟೆ ಮಾಡುವುದು. ನಮ್ಮಲ್ಲಿ ಕಾಟನ್ ಸೀರೆಗೆ ನಡೆಯುವ ಉಪಚಾರವೇ! ಹತ್ತಿಯ ಲೇಸು ಗಂಜಿ ಕುಡಿದು ಸೆಟೆದು ನಿಲ್ಲುತ್ತೆ. ಪಾಲಿಯೆಸ್ಟರ್ ಆದರೆ ಗಂಜಿ ಸರಿಯಾಗಿ ಹಿಡಿಯಲ್ಲ, ಇಸ್ತ್ರಿ ಬಿಸಿ ಜಾಸ್ತಿಯಾದರೆ ಮುದುಡಿಕೊಳ್ಳುತ್ತೆ. ಪೋಣಿಸುವಾಗ ಒಂದು ಕಡೆ ತಿರುಚಿದರೂ ಮುಗೀತು, ಅಷ್ಟು ಅಗಲವೂ ಹಗ್ಗ. ಪ್ರತಿ ತೂತಿನ ಬಳಿ ಬೆರಳಲ್ಲಿ ಬಿಡಿಸಿಕೊಂಡೇ ಮುಂದೆ ಹೋಗಬೇಕು, ಬಿಗಿದು ಎಳೆಯೋ ಹಾಗಿಲ್ಲ.

ಆಮೇಲೆ ನ್ಯೂಯಾರ್ಕಿನದೇ ಕ್ವೀನ್ಸ್‌ನ ಹಾಲಿಸ್ ಬಡಾವಣೆಯಿಂದ ಬಂದ ರ‍್ಯಾಪ್ ತಂಡ ರನ್-ಡಿಎಂಸಿಯವರು ಲೇಸನ್ನೇ ಕಿತ್ತುಹಾಕಿದರು. ಜೈಲಿನಲ್ಲಿ ಲೇಸು ಕಸಿದುಕೊಳ್ಳುತ್ತಿದ್ದರಿಂದ ಹುಟ್ಟಿದ ರೂಢಿ ಅನ್ನುತ್ತಾರೆ. ಕಾಲಲ್ಲಿ ಅಡಿಡಾಸ್ ಸೂಪರ್‌ಸ್ಟಾರ್, ಅಂದರೆ 1969ರ ಬಾಸ್ಕೆಟ್‌ಬಾಲ್ ಶೂ, ಬೆರಳ ಮೇಲೆ ಚಿಪ್ಪಿನಂಥ ರಬ್ಬರ್, ನಾಲಿಗೆ ಮೇಲಕ್ಕೆ ಎದ್ದಿರಬೇಕು. ಅಳತೆ ಒಂಚೂರು ದೊಡ್ಡದಾದರೂ ಕುಣಿಯುವಾಗ ಹಿಮ್ಮಡಿಯಿಂದ ಜಾರಿ ಶೂ ಎಲ್ಲೋ, ಕಾಲು ಎಲ್ಲೋ.

1986ರಲ್ಲಿ ನ್ಯೂಯಾರ್ಕಿನ ಒಳಾಂಗಣ ಕ್ರೀಡಾಂಗಣ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಕಾರ್ಯಕ್ರಮದಲ್ಲಿ ಅವರು ಕೇಳಿದ್ದೇ ತಡ, ಜನ ಶೂ ಬಿಚ್ಚಿ ಎತ್ತಿ ಹಿಡಿದರು. ಅಡಿಡಾಸ್‌ನವರು ಅಲ್ಲೇ ನಿಂತು ನೋಡಿದರು. ಆಟಗಾರರಿಗೆ ಮಾತ್ರ ಬಿಚ್ಚುತ್ತಿದ್ದ ಥೈಲಿ ಮೊದಲ ಸಲ ರ‍್ಯಾಪರ್‌ಗಳಿಗೂ ಬಿಚ್ಚಿತು.