ಕಪಾಟಿನಲ್ಲಿ ಹಾಸಿದ್ದ ಪ್ರಣಾಳಿಕೆ

ಇಂದು ಕಪಾಟು ಒರೆಸುವಾಗ ಪುಸ್ತಕಗಳಡಿ ಹಾಸಿದ್ದ ಕಾಗದ ಕೈಗೆ ಬಂತು. ಕಳೆದ ಚುನಾವಣೆಯ ಪ್ರಣಾಳಿಕೆ!

ಅಂಚಿನಲ್ಲೆಲ್ಲ ನನ್ನದೇ ಪೆನ್ಸಿಲ್ ಗುರುತುಗಳು. ಇಷ್ಟವಾದ ಭರವಸೆಗಳಿಗೆ ಸರಿ ಚಿಹ್ನೆ ಹಾಕಿದ್ದೆ. ಒಂದಕ್ಕಂತೂ ಎರಡೆರಡು.

ಆ ಸಾಲಿನ ಶಾಯಿ ಇನ್ನೂ ಮಾಸಿಲ್ಲ. ಕೊಟ್ಟವರು ಮರೆತು ಬಹಳ ದಿನವಾಯಿತು. ನಾನೂ ಮರೆತಿದ್ದೆ ಎನ್ನಿ.

1988ರಲ್ಲಿ ಅಮೆರಿಕದ ಹಿರಿಯ ಜಾರ್ಜ್ ಬುಷ್ ಹೊಸ ತೆರಿಗೆ ಹಾಕುವುದಿಲ್ಲವೆಂದು ಮಾತು ಕೊಟ್ಟು ಅಧ್ಯಕ್ಷ ಚುನಾವಣೆ ಗೆದ್ದರು. 1990ರಲ್ಲಿ ಬಜೆಟ್ ಕೊರತೆಯ ಒತ್ತಡದಲ್ಲಿ ತೆರಿಗೆ ಏರಿಕೆಗೆ ಒಪ್ಪಿದರು. 1992ರಲ್ಲಿ ಎದುರಾಳಿಗಳು ಅದೇ ಮಾತನ್ನು ಅವರ ಮುಂದೆ ಹಿಡಿದರು. ಬುಷ್ ಸೋತರು. ಅದೊಂದೇ ಕಾರಣವಲ್ಲ, ಆರ್ಥಿಕ ಸಂಕಷ್ಟವೂ ಇತ್ತು. ಆದರೂ ಅಲ್ಲಿಯವರು ನಾಲ್ಕು ವರ್ಷ ಒಂದು ಮಾತನ್ನು ನೆನಪಿಟ್ಟುಕೊಂಡರಲ್ಲ, ನನಗೆ ಹೊಟ್ಟೆಕಿಚ್ಚು.

ಎಲ್ಲವನ್ನೂ ಈಡೇರಿಸಲು ಆಗದಿರಬಹುದು. ಹಣ ಸಾಲಲಿಲ್ಲ, ಬಹುಮತ ಸಿಗಲಿಲ್ಲ. ಹಾಗೆಂದು ಬಂದು ಹೇಳಲಿ, ಕೇಳಿಸಿಕೊಳ್ಳುತ್ತೇನೆ. ಸಿಟ್ಟು ಬರುವುದು ಆ ಮೌನಕ್ಕೆ.

ಎರಡು ಗುರುತಿನ ಸಾಲಿನ ಫೋಟೊ ತೆಗೆದೆ. ಕೆಳಗೆ "ಇದು ಏನಾಯಿತು?" ಎಂದಷ್ಟೇ ಬರೆದು ನಮ್ಮ ಪ್ರತಿನಿಧಿಯ ಕಚೇರಿಗೆ ಇಮೇಲ್ ಕಳುಹಿಸಿದ್ದೇನೆ.

ಕಪಾಟಿನಲ್ಲಿ ಈಗ ಹಳೆಯ ಕ್ಯಾಲೆಂಡರ್ ಹಾಸಿದೆ.