ಕಾಂಕ್ರೀಟು ಕಳಚಿದ ನದಿ

ಸಿಂಗಪುರದ ಮಗಳ ಮನೆಗೆ ಬಂದಾಗಿನಿಂದ ನನ್ನ ಬೆಳಗಿನ ನಡಿಗೆ ಬಿಶಾನ್-ಆಂಗ್ ಮೋ ಕಿಯೋ ಉದ್ಯಾನದಲ್ಲಿ, ಕಾಲಾಂಗ್ ನದಿಯ ದಂಡೆಯ ಮೇಲೆ ಸಾಗುತ್ತಿದೆ. ಇಲ್ಲಿ ಹಿಂದೆ ಇದ್ದುದು 2.7 ಕಿಲೋಮೀಟರ್ ಉದ್ದದ, ನೆಟ್ಟಗೆ ಹರಿಯುವ ಕಾಂಕ್ರೀಟು ಕಾಲುವೆ ಎಂದರೆ ಈಗ ನಂಬುವುದು ಕಷ್ಟ. ಆ ಗೋಡೆಗಳನ್ನು ಒಡೆದು, ಹರಿವಿಗೆ ತಿರುವುಗಳನ್ನು ಕೊಟ್ಟು, ದಂಡೆಯ ಮಣ್ಣು ಕೊಚ್ಚಿಹೋಗದಂತೆ ಕಲ್ಲು, ರೆಂಬೆಗಳ ಕಟ್ಟು ಮತ್ತು ಗಿಡಗಳ ಬೇರುಗಳಿಂದಲೇ ಅದನ್ನು ಹಿಡಿದು ನಿಲ್ಲಿಸಿ, 2012ರಲ್ಲಿ ಉದ್ಯಾನವನ್ನು ಜನರಿಗೆ ತೆರೆದರು. ಜೋರು ಮಳೆ ಬಂದಾಗ ನೀರು ಎರಡೂ ಬದಿಯ ಹುಲ್ಲುಹಾಸಿನ ಮೇಲೆ ಹರಡಿಕೊಳ್ಳುತ್ತದೆ. ನೀರಿನ ಮಟ್ಟ ಏರುವುದನ್ನು ಅಳೆಯುವ ಉಪಕರಣಗಳೂ, ಜನರನ್ನು ಮೇಲಕ್ಕೆ ಕಳುಹಿಸುವ ಸೈರನ್ನುಗಳೂ ಅಲ್ಲಿವೆ.

ಬೆಂಗಳೂರಿನ ನಮ್ಮ ಬಡಾವಣೆಯ ರಾಜಕಾಲುವೆಗೆ ಪ್ರತಿ ಪ್ರವಾಹದ ನಂತರವೂ ಗೋಡೆಯನ್ನು ಇನ್ನಷ್ಟು ಎತ್ತರಿಸಬೇಕೆಂದು ಸಭೆಗಳಲ್ಲಿ ವಾದಿಸಿದವರಲ್ಲಿ ನಾನೂ ಒಬ್ಬ. ನೀರಿಗೆ ಬೇಕಾದದ್ದು ಎತ್ತರವಲ್ಲ, ಅಗಲ ಎಂಬುದು ಆಗ ಹೊಳೆದಿರಲಿಲ್ಲ. ಹೊಳೆದಿದ್ದರೂ ಬಿಟ್ಟುಕೊಡಲು ಅಲ್ಲಿ ಜಾಗವೆಲ್ಲಿತ್ತು, ಅಂಚಿನವರೆಗೂ ನಮ್ಮ ಮನೆಗಳೇ ಇದ್ದವು. ಇಂದು ಬೆಳಿಗ್ಗೆ ನಾಲ್ಕು ನೀರುನಾಯಿಗಳು ದಂಡೆಗೆ ಬಂದು ಮೀನು ತಿಂದವು. ನಮ್ಮ ತುಂಗಭದ್ರೆಯಲ್ಲಿರುವ ಜಾತಿಯವೇ ಅವು.